ಆಟಗಾರರ ಪಾನದೋಷವೂ ಜನಾಭಿಪ್ರಾಯವೂ

ವೃತ್ತಿನಿರತ ಆಟಗಾರರು ಮದ್ಯಪಾನದಿಂದ ಮರ್ಯಾದೆಯ ಎಲ್ಲೆ ಮೀರಿದಾಗ, ತಪ್ಪು ಎಷ್ಟೋ ಜನರ ನಿಂದೆಯೂ ಅಷ್ಟೇ ಎಂದು ಮೇಲುನೋಟಕ್ಕೆ ತೋರುತ್ತದೆ. ವಸ್ತುಸ್ಥಿತಿ ಹಾಗಿಲ್ಲ. ಇಂಗ್ಲೆಂಡಿನ ಕ್ರಿಕೆಟ್ ಆಟಗಾರರಾದ ಆಂಡ್ರೂ ಫ್ಲಿಂಟಾಫ್ ಅವರಿಗೆ ಸಂಬಂಧಿಸಿದ ಎರಡು ಪ್ರಸಂಗಗಳನ್ನು ಹೋಲಿಸಿದರೆ ಇದು ವಿಶದವಾಗುತ್ತದೆ.

2005ರ ಸೆಪ್ಟೆಂಬರ್ 12ರಂದು ಇಂಗ್ಲೆಂಡ್ ತಂಡವು ಆಸ್ಟ್ರೇಲಿಯವನ್ನು 2-1ರಿಂದ ಸೋಲಿಸಿ, 18 ವರ್ಷಗಳಿಂದ ಕೈಗೆಟುಕದಿದ್ದ ಆಷಸ್ ಸರಣಿಯನ್ನು ಗೆದ್ದಿತು. ಫ್ಲಿಂಟಾಫ್ ಅವರು ಇರುಳೆಲ್ಲ ಕುಡಿದು, ಮರುದಿನ ಲಂಡನ್ನಿನ ಟ್ರಫಾಲ್ಗರ್ ಚೌಕದ ವಿಜಯೋತ್ಸವಕ್ಕೆ ಅದೇ ಅಮಲಿನಲ್ಲಿ ಬಂದರು. ನೆರೆದ ಜನ ನಕ್ಕು ನಲಿದರು. ಆ ವರ್ಷದ ಶ್ರೇಷ್ಠ ಕ್ರೀಡಾವ್ಯಕ್ತಿಗೆ ಬಿ.ಬಿ.ಸಿ. ಕೊಡುವ ಪ್ರಶಸ್ತಿ ಸಾರ್ವಜನಿಕರ ಮತದಿಂದಲೇ ಅವರಿಗೆ ಸಂದಿತು.

2006-07ರಲ್ಲಿ ಅವರ ನಾಯಕತ್ವದಲ್ಲಿಯೇ ಇಂಗ್ಲೆಂಡ್ ಆಷಸ್ ಸರಣಿಯ ಐದೂ ಪಂದ್ಯಗಳನ್ನು ಸೋತಿತು. ಬಳಿಕ 2007ರ ಮಾರ್ಚ್ 16ರಂದು, ಸೇಂಟ್ ಲೂಸಿಯಾ ದ್ವೀಪದಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ನ್ಯೂಜಿಲೆಂಡಿನ ಎದುರು ಸೋಲಾಯಿತು. ಆ ರಾತ್ರಿ ಫ್ಲಿಂಟಾಫ್ ಅವರು ಕುಡಿದು, ಕಾಲಿನಿಂದ ತುಳಿದು ನಡೆಸುವ ವಿಹಾರದೋಣಿಯೊಂದನ್ನು ಕಡಲಿಗೆ ಎಳೆದು ನೀರಿಗೆ ಬಿದ್ದರು. ಉಪನಾಯಕತ್ವ ಹೋಯಿತು, ಕೆನಡದ ಎದುರಿನ ಮುಂದಿನ ಪಂದ್ಯದಿಂದ ಅವರನ್ನು ಹೊರಗಿಟ್ಟರು. ಪತ್ರಿಕೆಗಳಲ್ಲಿ ಕೋಪವೂ ಅಪಹಾಸ್ಯವೂ ತುಂಬಿದುವು. ಅವರು ಬಹಿರಂಗವಾಗಿ ಕ್ಷಮೆ ಬೇಡಿದರು.

ಈ ಎರಡು ಪ್ರಸಂಗಗಳು ಸರ್ವಥಾ ಸಮಾನವಲ್ಲವೆಂಬುದನ್ನು ನಾವು ಒಪ್ಪುತ್ತೇವೆ. ಮೊದಲನೆಯದರಲ್ಲಿ ಸರಣಿ ಮುಗಿದಿತ್ತು. ಎರಡನೆಯದರಲ್ಲಿ ಎರಡೇ ದಿನಗಳಲ್ಲಿ ಮತ್ತೊಂದು ಪಂದ್ಯವಿದ್ದಿತು, ಉಪನಾಯಕನ ಹೊಣೆಯೂ ಇದ್ದಿತು. ಆಡಳಿತದವರ ದಂಡನೆಗೆ ಈ ಕಾರಣಗಳು ಸಾಕು. ಆದರೆ ಜನರ ಮನೋಭಾವದಲ್ಲಾದ ಬದಲಾವಣೆಗೆ ಇಷ್ಟೇ ಸಾಲದು. ನಮ್ಮ ಅಭಿಪ್ರಾಯದಲ್ಲಿ, ಗೆದ್ದವನ ಅಮಲನ್ನು ಜನ ತಮ್ಮ ಸಂತೋಷದ ಭಾಗವೆಂದು ಬಗೆದರು. ಸೋತವನ ಅಮಲಿನಲ್ಲಿ ತಮ್ಮ ನಿರಾಶೆಗೆ ಒಂದು ಕಾರಣವನ್ನು ಕಂಡರು. ಎರಡು ಸಲವೂ ಅವರು ತೂಗಿದ್ದು ಕುಡಿತವನ್ನಲ್ಲ, ಫಲಿತಾಂಶವನ್ನು.

ಇದರಿಂದಾಗುವ ಹಾನಿ ಅಲ್ಪವಲ್ಲ. 2012ರಲ್ಲಿ, ಕ್ರೀಡಾಪಟುಗಳ ಮನೋಖಿನ್ನತೆಯನ್ನು ಕುರಿತ ಬಿ.ಬಿ.ಸಿ. ಸಾಕ್ಷ್ಯಚಿತ್ರವೊಂದರಲ್ಲಿ, ಆ ಸೋಲುಗಳ ಕಾಲದಲ್ಲಿ ತಮ್ಮ ಮನಸ್ಸು ಕುಗ್ಗಿದ್ದುದನ್ನು ಫ್ಲಿಂಟಾಫ್ ಅವರೇ ಹೇಳಿಕೊಂಡರು. ನಗುವವರಿಗೆ ಅದು ಕಾಣುವಂತಿರಲಿಲ್ಲ, ಕನಲಿದವರಿಗೂ ಕಾಣಲಿಲ್ಲ. ಆದುದರಿಂದ ಇಂತಹ ಸುದ್ದಿಯನ್ನು ಓದಿದಾಗ, ತಂಡವು ಗೆದ್ದಿದ್ದರೆ ನಾವು ಇದೇ ಮಾತನ್ನು ಆಡುತ್ತಿದ್ದೆವೆ ಎಂದು ಕೇಳಿಕೊಳ್ಳುವುದು ನ್ಯಾಯಬುದ್ಧಿಯ ಮೊದಲ ಲಕ್ಷಣ.