ವೇತನಸಹಿತ ಹೆರಿಗೆ ರಜೆ ಮತ್ತು ಪೋಷಕರ ಆರೋಗ್ಯ

ವೇತನಸಹಿತ ಹೆರಿಗೆ ರಜೆ ಎಂದರೆ ಮಗುವಿನ ಜನನಕ್ಕೆ ಮುನ್ನ ಹಾಗೂ ಅನಂತರ, ಸಂಬಳವನ್ನೂ ಉದ್ಯೋಗವನ್ನೂ ಕಳೆದುಕೊಳ್ಳದೆ ದುಡಿಮೆಯಿಂದ ಬಿಡುವು ಪಡೆಯುವ ಹಕ್ಕು. ಇದು ಮಗುವಿನ ಪಾಲನೆಗೆ ನೆರವಾಗುವಂತೆಯೇ ತಾಯಿ ತಂದೆಯರ ಆರೋಗ್ಯವನ್ನೂ ಕಾಪಾಡುತ್ತದೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರಿನಂತಹ ಕೃಷಿಪ್ರಧಾನ ತಾಲ್ಲೂಕುಗಳಲ್ಲಿ ಈ ಹಕ್ಕು ಮುಖ್ಯವಾಗಿ ಸಂಬಳದ ನೌಕರಿಯಲ್ಲಿರುವವರಿಗೆ ದೊರೆಯುತ್ತದೆ. ಹೊಲ ತೋಟಗಳಲ್ಲಿ ದಿನಗೂಲಿಗೆ ದುಡಿಯುವ ಮಹಿಳೆಯರು ಅದರ ವ್ಯಾಪ್ತಿಯ ಹೊರಗಿದ್ದಾರೆ.

ಆರೋಗ್ಯದ ಮೇಲಿನ ಪರಿಣಾಮ

ಹೆರಿಗೆಯ ಅನಂತರ ದೇಹವು ಮೊದಲಿನ ಸ್ಥಿತಿಗೆ ಮರಳಲು ಹಲವು ವಾರಗಳು ಬೇಕಾಗುತ್ತವೆ. ರಕ್ತಹೀನತೆ ಇದ್ದವರಿಗೆ ಮತ್ತು ಶಸ್ತ್ರಚಿಕಿತ್ಸೆಯ ಮೂಲಕ ಹೆರಿಗೆಯಾದವರಿಗೆ ಇನ್ನೂ ಹೆಚ್ಚಿನ ಕಾಲ ಬೇಕು. ಮೊದಲ ಆರು ತಿಂಗಳು ಮಗುವಿಗೆ ಎದೆಹಾಲನ್ನು ಮಾತ್ರ ನೀಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡುತ್ತದೆ. ತಾಯಿ ಬೇಗನೆ ಕೆಲಸಕ್ಕೆ ಮರಳಿದರೆ ಇದನ್ನು ಪಾಲಿಸುವುದು ಕಷ್ಟ. ನಿದ್ರೆಯ ಕೊರತೆ, ಹಣದ ಚಿಂತೆ ಮತ್ತು ಒಂಟಿತನಗಳು ಪ್ರಸವೋತ್ತರ ಖಿನ್ನತೆಯ ಅಪಾಯವನ್ನು ಹೆಚ್ಚಿಸುತ್ತವೆ.

ನಾರ್ವೆ ದೇಶದಲ್ಲಿ 1977ರ ಜುಲೈ 1ರಿಂದ ತಾಯಂದಿರಿಗೆ ನಾಲ್ಕು ತಿಂಗಳ ವೇತನಸಹಿತ ರಜೆ ಜಾರಿಗೆ ಬಂದಿತು. ಅದಕ್ಕೆ ಮುನ್ನ 12 ವಾರಗಳ ವೇತನರಹಿತ ರಜೆ ಮಾತ್ರ ಇತ್ತು. ಈ ಬದಲಾವಣೆಯ ಪ್ರಯೋಜನ ಪಡೆದ ತಾಯಂದಿರು ಸುಮಾರು 40ರ ವಯಸ್ಸಿಗೆ ಬಂದಾಗ ಅವರ ರಕ್ತದೊತ್ತಡ, ದೇಹತೂಕ ಮತ್ತು ಮಾನಸಿಕ ಆರೋಗ್ಯ ಉತ್ತಮವಾಗಿದ್ದುದನ್ನು ಅಧ್ಯಯನವೊಂದು ಗುರುತಿಸಿದೆ. ಚೊಚ್ಚಲ ತಾಯಂದಿರಲ್ಲಿ ಹಾಗೂ ಕಡಿಮೆ ಅನುಕೂಲವುಳ್ಳವರಲ್ಲಿ ಪರಿಣಾಮ ಹೆಚ್ಚಾಗಿತ್ತು.

ತಂದೆಯ ರಜೆ

ಸ್ವೀಡನ್ 2012ರಲ್ಲಿ ತಂದೆ ತಾಯಿ ಇಬ್ಬರೂ ಏಕಕಾಲದಲ್ಲಿ 30 ದಿನಗಳವರೆಗೆ ವೇತನಸಹಿತ ರಜೆ ಪಡೆಯಲು ಅವಕಾಶ ನೀಡಿತು. ಈ ದಿನಗಳನ್ನು ಮಗುವಿನ ಮೊದಲ ವರ್ಷದಲ್ಲಿ ಅಗತ್ಯಕ್ಕೆ ತಕ್ಕಂತೆ ಬಿಡಿಬಿಡಿಯಾಗಿಯೂ ಬಳಸಬಹುದಾಗಿತ್ತು. ಆ ಬಳಿಕ ತಾಯಂದಿರಿಗೆ ಆತಂಕ ನಿವಾರಕ ಔಷಧಿಗಳನ್ನು ಬರೆದುಕೊಡುವುದೂ, ಹೆರಿಗೆ ಸಂಬಂಧಿ ತೊಂದರೆಗಳಿಗಾಗಿ ಆಸ್ಪತ್ರೆಗೆ ಹೋಗುವುದೂ ಕಡಿಮೆಯಾದವೆಂದು ಸಂಶೋಧಕಿಯರಾದ ಪೆಟ್ರಾ ಪೆರ್ಸನ್ ಮತ್ತು ಮಾಯಾ ರಾಸಿನ್-ಸ್ಲೇಟರ್ ತೋರಿಸಿದ್ದಾರೆ.

ಕಾನೂನು

ಭಾರತದ 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಯಿತು. ಅದರಂತೆ ಮೊದಲ ಎರಡು ಮಕ್ಕಳಿಗೆ ರಜೆಯ ಅವಧಿ 12 ವಾರಗಳಿಂದ 26 ವಾರಗಳಿಗೆ ಏರಿತು. 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಈ ನಿಯಮಗಳನ್ನು ಸೇರಿಸಿಕೊಳ್ಳಲಾಗಿದೆ. ಕರ್ನಾಟಕ ಸರ್ಕಾರದ ಮಹಿಳಾ ನೌಕರರಿಗೆ 180 ದಿನಗಳ ಹೆರಿಗೆ ರಜೆ ಹಾಗೂ ಪುರುಷ ನೌಕರರಿಗೆ 15 ದಿನಗಳ ಪಿತೃತ್ವ ರಜೆ ಇದೆ. 2021ರಲ್ಲಿ ಮಹಿಳಾ ನೌಕರರಿಗೆ ಒಟ್ಟು 180 ದಿನಗಳ ಶಿಶುಪಾಲನಾ ರಜೆಯೂ ಮಂಜೂರಾಯಿತು.

ನಾಲ್ಕು ತಾಲ್ಲೂಕುಗಳ ಸ್ಥಿತಿ

ಚನ್ನಗಿರಿ ಅಡಿಕೆಗೆ ಹೆಸರಾದ ತಾಲ್ಲೂಕು; ಜಗಳೂರು ಮಳೆಯಾಶ್ರಿತ, ಬರಪೀಡಿತ ಪ್ರದೇಶ. ತುಂಗಭದ್ರೆಯ ದಡದ ಹೊನ್ನಾಳಿ ಹಾಗೂ ಅದರಿಂದ ಬೇರ್ಪಟ್ಟ ನ್ಯಾಮತಿಯಲ್ಲಿಯೂ ಬೇಸಾಯವೇ ಮುಖ್ಯ. ಸರ್ಕಾರಿ ಶಾಲೆಯ ಶಿಕ್ಷಕಿಗೆ ಆರು ತಿಂಗಳ ಸಂಬಳಸಹಿತ ರಜೆ ದೊರೆಯುವ ಇದೇ ಊರುಗಳಲ್ಲಿ, ಅಡಿಕೆ ಸುಲಿಯುವ ಅಥವಾ ಮೆಕ್ಕೆಜೋಳದ ಹೊಲದಲ್ಲಿ ಕಳೆ ತೆಗೆಯುವ ಮಹಿಳೆಗೆ ಕೆಲಸಕ್ಕೆ ಹೋಗದ ದಿನ ಕೂಲಿಯಿಲ್ಲ. 1961ರ ಕಾಯ್ದೆ ತೋಟಗಳಿಗೆ ಅನ್ವಯಿಸುತ್ತಿತ್ತಾದರೂ, ‘ತೋಟ’ ಎಂಬುದರ ಅರ್ಥವನ್ನು ಅದು 1951ರ ತೋಟ ಕಾರ್ಮಿಕರ ಕಾಯ್ದೆಯಿಂದ ಪಡೆದಿತ್ತು. ಆ ಕಾಯ್ದೆ ಹೆಸರಿಸಿದ್ದ ಬೆಳೆಗಳು ಚಹಾ, ಕಾಫಿ, ರಬ್ಬರ್, ಸಿಂಕೋನಾ ಮತ್ತು ಏಲಕ್ಕಿ. ಅಡಿಕೆ ಆ ಪಟ್ಟಿಯಲ್ಲಿರಲಿಲ್ಲ.

ತವರುಮನೆಯಲ್ಲಿ ನಡೆಯುವ ಬಾಣಂತನದ ಪದ್ಧತಿ ತಾಯಿಗೆ ವಿಶ್ರಾಂತಿ, ಆರೈಕೆ ಮತ್ತು ಹಿರಿಯರ ಆಸರೆಯನ್ನು ಒದಗಿಸುತ್ತದೆ. ಆದರೆ ಅದರ ವೆಚ್ಚವನ್ನು ತವರಿನವರೇ ಭರಿಸಬೇಕು. ತವರೂ ಕೂಲಿಯನ್ನೇ ನಂಬಿದ್ದರೆ ಬಾಣಂತನದ ಅವಧಿ ಮೊಟಕಾಗುತ್ತದೆ.

ಪರ್ಯಾಯ ಯೋಜನೆಗಳು

* ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ: ಮೊದಲ ಮಗುವಿಗೆ 5,000 ರೂಪಾಯಿ ನೆರವು. 2022ರ ಏಪ್ರಿಲ್‌ನಿಂದ ಎರಡನೆಯ ಮಗು ಹೆಣ್ಣಾದರೆ 6,000 ರೂಪಾಯಿ.
* ಮಾತೃಪೂರ್ಣ: 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಆರಂಭವಾದ ಯೋಜನೆ. ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಗಳ ಮೂಲಕ ಪೌಷ್ಟಿಕ ಬಿಸಿಯೂಟ ನೀಡುವುದು ಇದರ ಉದ್ದೇಶ.
* ಕೂಸಿನ ಮನೆ: ಉದ್ಯೋಗ ಖಾತ್ರಿ ಕೂಲಿಕಾರರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ಶಿಶುಪಾಲನಾ ಕೇಂದ್ರಗಳು.

ಮಿತಿಗಳು

ಈ ಯೋಜನೆಗಳು ಆಹಾರ ಮತ್ತು ಚಿಕಿತ್ಸೆಗೆ ನೆರವಾದರೂ ಕಳೆದುಹೋದ ಕೂಲಿಯನ್ನು ತುಂಬಿಕೊಡುವುದಿಲ್ಲ. 2024–25ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಆ ದರದಲ್ಲಿ 5,000 ರೂಪಾಯಿ ಸುಮಾರು 14 ದಿನಗಳ ಕೂಲಿಗೆ ಸಮ. ಕಾನೂನಿನ 26 ವಾರಗಳೆಂದರೆ 182 ದಿನಗಳು. ನಾರ್ವೆಯ ಅಧ್ಯಯನದಂತೆ ರಜೆಯಿಂದ ಹೆಚ್ಚು ಆರೋಗ್ಯಲಾಭ ಪಡೆದವರಲ್ಲಿ ಅನುಕೂಲ ಕಡಿಮೆಯಿದ್ದ ತಾಯಂದಿರೂ ಸೇರಿದ್ದರು. ಇಲ್ಲಿ ರಜೆಯ ವ್ಯಾಪ್ತಿಯಿಂದ ಹೊರಗುಳಿದಿರುವವರು ಅಂಥವರೇ. ಇದಲ್ಲದೆ, ನೌಕರರ ರಾಜ್ಯ ವಿಮಾ ಯೋಜನೆಗೆ ಒಳಪಡದ ಸಂಸ್ಥೆಗಳಲ್ಲಿ ರಜೆಯ ವೇತನವನ್ನು ಮಾಲೀಕರೇ ಭರಿಸಬೇಕಾಗಿರುವುದರಿಂದ, ಮಹಿಳೆಯರನ್ನು ನೇಮಿಸಿಕೊಳ್ಳಲು ಹಿಂಜರಿಕೆ ಉಂಟಾಗಬಹುದೆಂಬ ಟೀಕೆಯಿದೆ. ಆದ್ದರಿಂದ ಈ ವೆಚ್ಚವನ್ನು ಸಾಮಾಜಿಕ ವಿಮೆ ಅಥವಾ ಸಾರ್ವಜನಿಕ ನಿಧಿಯಿಂದ ಭರಿಸುವುದು ಸೂಕ್ತವೆಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ನಿಲುವು.