ಸುಣ್ಣದ ನೀರಿನ ರೊಟ್ಟಿ

ಮೆಣಸಿನಕಾಯಿಯ ತವರು ಮೆಕ್ಸಿಕೋ. ಹಾಗಾಗಿ ಅಲ್ಲಿನ ಅಡಿಗೆ ಅಂದರೆ ಬರೀ ಖಾರ ಅಂತಲೇ ನಮ್ಮ ಎಣಿಕೆ. ಆದರೆ ಸೀಮೆ ಬದಲಾದರೆ ಅಲ್ಲಿ ರೊಟ್ಟಿಯ ಹಿಟ್ಟೇ ಬದಲಾಗುತ್ತದೆ!

ಉತ್ತರದ ಸೊನೋರಾದಲ್ಲಿ ತೆಳ್ಳನೆಯ ಗೋಧಿ ರೊಟ್ಟಿ. ಗೋಧಿ 16ನೇ ಶತಮಾನದಲ್ಲಿ ಸ್ಪೇನಿನವರು ತಂದದ್ದು. ಯುಕಟಾನ್‌ನಲ್ಲಿ ಮಾಂಸಕ್ಕೆ ಹುಳಿಕಿತ್ತಳೆಯ ರಸ ಸವರಿ, ಬಾಳೆಎಲೆಯಲ್ಲಿ ಸುತ್ತಿ, ನೆಲದ ಗುಂಡಿಯಲ್ಲಿ ಬೇಯಿಸುತ್ತಾರೆ. ಶಾಕಾಹಾರಿಗಳು ಕೇಳಿ ಬಿಟ್ಟರಾಯಿತು. ವಹಾಕಾದ ಕಪ್ಪು ಗೊಜ್ಜಿಗೆ ಹುರಿದ ಮೆಣಸಿನಕಾಯಿ, ಎಳ್ಳು, ಜೊತೆಗೆ ಚಾಕಲೇಟು ಬೀಳುತ್ತದೆ.

ನಡುನಾಡು, ದಕ್ಷಿಣದಲ್ಲೆಲ್ಲ ಮೆಕ್ಕೆಜೋಳದ ರೊಟ್ಟಿಯೇ. ಅದರಲ್ಲೊಂದು ಗುಟ್ಟಿದೆ. ನಾವು ವೀಳ್ಯದೆಲೆಗೆ ಹಚ್ಚುತ್ತೇವಲ್ಲ, ಅಂಥ ಸುಣ್ಣ ಕದಡಿದ ನೀರಲ್ಲಿ ಒಣಕಾಳು ಕುದಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಸಿಪ್ಪೆ ಹೋಗುವಂತೆ ತೊಳೆದು, ಕಲ್ಲಿನ ಮೇಲೆ ಅರೆಯುವುದು. ಸುಣ್ಣ ಹಾಕದಿದ್ದರೆ ಹಿಟ್ಟಿಗೆ ಜಿಗುಟು ಬರೋಲ್ಲ, ತಟ್ಟಿದರೆ ಬಿರಿಯುತ್ತದೆ. ಕಾಳಿನಲ್ಲಿ ಅಡಗಿರುವ ನಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುವುದೂ ಸುಣ್ಣದಿಂದಲೇ.

ಯೂರೋಪಿನವರು ಮೆಕ್ಕೆಜೋಳ ಒಯ್ದರು, ಸುಣ್ಣದ ಕ್ರಮ ಒಯ್ಯಲಿಲ್ಲ. ಮೂರು ಹೊತ್ತೂ ಅದನ್ನೇ ಉಣ್ಣುತ್ತಿದ್ದ ಉತ್ತರ ಇಟಲಿಯ ಬಡವರಿಗೆ ಚರ್ಮ ಸುಲಿಯುವ, ಬುದ್ಧಿ ಕೆಡಿಸುವ ಪೆಲಾಗ್ರ ರೋಗ ಅಂಟಿತು. ಎಷ್ಟೋ ಜನ ಸತ್ತರು. ಮೆಕ್ಸಿಕೋದ ಹೆಂಗಸರಿಗೆ ಜೀವಸತ್ವದ ಹೆಸರೇನು ಗೊತ್ತಿತ್ತು? ಅಜ್ಜಿ ಕಲಿಸಿದ್ದನ್ನು ಬಿಡಲಿಲ್ಲ, ಅಷ್ಟೆ.

ಅದೇ ಹಿಟ್ಟಿನ ಕಡುಬನ್ನು ನಡುನಾಡಿನವರು ಜೋಳದ ತೆನೆಯ ಸಿಪ್ಪೆಯಲ್ಲಿ, ದಕ್ಷಿಣದವರು ಬಾಳೆಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಈಗ ಪಟ್ಟಣಗಳಲ್ಲಿ ಪೊಟ್ಟಣದ ಹಿಟ್ಟು ಬಂದಿದೆ. ಅದೂ ಸುಣ್ಣದಲ್ಲಿ ಬೆಂದ ಕಾಳಿನದೇ.