ನೀರು ಹೋದ ದಾರಿಯಲ್ಲೇ ವ್ಯಾನು

ಸವದತ್ತಿಯಿಂದ ಬಂದ ಮಲಪ್ರಭೆಯ ನೀರು ಅಮ್ಮಿನಬಾವಿಯ ಘಟಕದಲ್ಲಿ ತಿಳಿಯಾಗಿ ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೆ ಹೋಗುತ್ತದೆ. ಬೆಳಗಾದರೆ ಊರಿನಿಂದ ಅದೇ ದಿಕ್ಕಿಗೆ ಖಾಸಗಿ ಶಾಲೆಗಳ ಹಳದಿ ವ್ಯಾನುಗಳೂ ಹೊರಡುತ್ತವೆ. ಟೈ ಬಿಗಿದ ಹುಡುಗರು, ಎರಡು ಜಡೆಯ ಹುಡುಗಿಯರು, ಕಿಟಕಿಗೆ ಮೂಗು ಒತ್ತಿ ಕೂತ ಯುಕೆಜಿ ಕೂಸುಗಳು. ಫೀ ಕಟ್ಟುವ ತಾಕತ್ತಿದ್ದ ಮನೆಯವರೆಲ್ಲ ಅತ್ತ. ಉಳಿದವರು ಗಂಟೆ ಬಾರಿಸಿದ ಮೇಲೆ ಕನ್ನಡ ಸಾಲಿಗೆ.

ಆರನೇ ಇಯತ್ತೆಯಲ್ಲಿ ಭಾಗಾಕಾರ ನಡೆದಿದೆ. ಹಲಗೆಯ ಮೇಲೆ 432, ಎಡಕ್ಕೆ 12. ಮುಂದಿನ ಸಾಲಿನ ಹುಡುಗಿ 36 ಎಂದು ಬರೆದು ನೋಟ್‌ಬುಕ್ಕು ಮುಚ್ಚಿಯೂ ಆಯಿತು. ನಡುವಿನವರ ಬೆರಳುಗಳ ಮೇಲೆ ಹನ್ನೆರಡರ ಮಗ್ಗಿ ಏರುತ್ತಿದೆ. ಕೊನೆಯ ಸಾಲಿನ ಹುಡುಗ ಮಾತ್ರ ಲೆಕ್ಕವನ್ನು ಮುತ್ತಿನಂಥ ಅಕ್ಷರದಲ್ಲಿ ಇಳಿಸಿಕೊಂಡು, ಸ್ಕೇಲಿಟ್ಟು ಗೆರೆ ಎಳೆದು ಕೂತಿದ್ದಾನೆ. ಗೆರೆಯ ಕೆಳಗೆ ಏನೂ ಇಲ್ಲ.

"ಮೂರ್ ದಿನ ಎಲ್ಲಿದ್ದೀಲೇ ತಮ್ಮಾ?"

"ಹೆಸರಕಾಯಿ ಬಿಡಸಾಕ ಹೋಗಿದ್ನಿರಿ ಸರ್, ಅವ್ವನ ಕೂಡ."

ಅವನಿಗೆ ದಶಕ ತಗೊಂಡು ಕಳೆಯುವುದೇ ಇನ್ನೂ ಬಂದಿಲ್ಲ. ಅವರವರ ವೇಗಕ್ಕೆ ಕಲಿಸುವ ನಲಿ-ಕಲಿಯ ಕಾರ್ಡು, ಏಣಿ ಎಲ್ಲ ಮೂರನೆಯದಕ್ಕೇ ಮುಗಿದವು; ನಾಲ್ಕರಲ್ಲಿ ಪುಸ್ತಕ ಕೈಗೆ ಬಂತು, ಪುಸ್ತಕ ಯಾರಿಗಾಗಿಯೂ ಕಾಯಲಿಲ್ಲ.

ಈ ಅಂತರವನ್ನು ಸರ್ಕಾರ ಎಣಿಸುವುದು ಹತ್ತನೆಯದರಲ್ಲಿ. 2024ರಲ್ಲಿ ಕೃಪಾಂಕವನ್ನು ಶೇ 20ಕ್ಕೆ ಏರಿಸಿದರೂ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 73.40ಕ್ಕೆ ನಿಂತಿತು. ವಿದ್ಯಾಕಾಶಿ ಎನಿಸಿಕೊಂಡ ಧಾರವಾಡ ಪಟ್ಟಿಯ ಕೆಳಗಿನ ಅರ್ಧದಲ್ಲಿತ್ತು. ಆಮೇಲೆ ಸಭೆ, ವಿಶೇಷ ತರಗತಿ, 'ಮಿಷನ್ ವಿದ್ಯಾಕಾಶಿ'. ಬೇಡವೆನ್ನಲಾರೆ, ಆದರೆ ಆ ಹೊತ್ತಿಗೆ ಗೆರೆಯ ಕೆಳಗಿನ ಜಾಗ ನಾಲ್ಕು ವರ್ಷ ಖಾಲಿ ಬಿದ್ದಿರುತ್ತದೆ. ಶಾಲೆಗಳನ್ನು ಫಲಿತಾಂಶದಿಂದ ತೂಗುವವರು ವ್ಯಾನು ಯಾರನ್ನು ಒಯ್ದಿತು, ಯಾರನ್ನು ಬಿಟ್ಟಿತು ಎಂದು ಕೇಳುವುದಿಲ್ಲ. ಮನೆಯಲ್ಲಿ ಮಗ್ಗಿ ಒಪ್ಪಿಸಿಕೊಳ್ಳುವವರು ಇದ್ದ ಮಕ್ಕಳೇ ಮೊದಲು ಹೋಗುತ್ತಾರೆ. ಪೇಟೆಯೊಳಗಿನ ಸರ್ಕಾರಿ ಶಾಲೆಗಳದೂ ಇದೇ ಕಥೆ. ಅಲ್ಲಿ ವ್ಯಾನಿನ ಬದಲು ಆಟೊ.

ಊಟದ ಗಂಟೆ. ಅನ್ನ, ಸಾರು, ಮೊಟ್ಟೆ. ಒಲ್ಲೆ ಅಂದವರಿಗೆ ಬಾಳೆಹಣ್ಣು. ಕೈ ತೊಳೆದು ಬಂದ ಮೇಲೆ ಸರ್ ಕೊನೆಯ ಸಾಲಿನ ಐವರನ್ನು ಪಡಸಾಲೆಗೆ ಕರೆದು, ಮೂರನೆಯದರ ಹಳೇ ಕಾರ್ಡು ಹರವಿದರು. ಹುಡುಗ ಒಂದನ್ನು ಎತ್ತಿ, "ಇದು ಬರ್ತೈತ್ರಿ" ಅಂದ. ಅಷ್ಟರಲ್ಲಿ ಫೋನು. ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು, ಈಗಿಂದೀಗ ಬೇಕಂತೆ.